ಗೇಟು ಮುಚ್ಚಿದ್ದ ಮಧ್ಯಾಹ್ನ

ನಮ್ಮಪ್ಪನಿಗೆ ಕೋಪ ಮೂಗಿನ ತುದಿಯಲ್ಲಿರುತ್ತಿತ್ತು, ಕೈ ಅದಕ್ಕಿಂತ ಮುಂದೆ. ತೆಲುಗು ಸೀಮೆಯ ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯಲ್ಲಿ ಮೇಲಿನವರಿಗೆ ಬಗ್ಗಿ ಬಗ್ಗಿ ಸಲಾಮು ಹೊಡೆದು ಬಂದು, ಅದನ್ನೆಲ್ಲ ಮನೆಯಲ್ಲಿ ಅವ್ವನ ಬೆನ್ನಿನ ಮೇಲೆ ತೀರಿಸಿಕೊಳ್ಳುತ್ತಿದ್ದ. ಅವ್ವ ತುಟಿಪಿಟಕ್ಕೆನ್ನುತ್ತಿರಲಿಲ್ಲ.

ನಾನು ಡಿಗ್ರಿ ಓದುತ್ತಿದ್ದಾಗ ಒಂದು ಬೇಸಿಗೆ, ಕಾರ್ಖಾನೆಯ ಕನ್ನಡದವರೆಲ್ಲ ಸೇರಿ ಸಂಸಾರ ಸಮೇತ ಕೃಷ್ಣೆಯ ಅಣೆಕಟ್ಟು ನೋಡಲು ಬಸ್ಸು ಮಾಡಿದರು. ಗುಡ್ಡದಿಂದ ಗುಡ್ಡಕ್ಕೆ ಮಣ್ಣು, ಕಲ್ಲು ಪೇರಿಸಿದ ಕಟ್ಟೆ. ಅದರ ಬುಡದಲ್ಲಿ ಕರೆಂಟು ತಯಾರಿಸುವ ಪವರ್‌ಹೌಸು. ಅದರ ಕೆಳಗೆ ನದಿಯಲ್ಲಿ ಮೊಣಕಾಲುದ್ದ ನೀರು. ಬುತ್ತಿ ಉಂಡಾದ ಮೇಲೆ ಅಪ್ಪ ಪ್ಯಾಂಟು ಮಡಚಿಕೊಂಡು ನಡುಹೊಳೆಯ ಬಂಡೆಯ ಮೇಲೆ ಹೋಗಿ ಕೂತ.

ಸೈರನ್ ಕೂಗಿತು. ಕಾಲು ನೆನೆಸುತ್ತಿದ್ದವರೆಲ್ಲ ದಡ ಹತ್ತಿದರು. ಅಪ್ಪ ಅಲುಗಲಿಲ್ಲ.

“ಗೇಟು ಮುಚ್ಯಾವ. ನೀರೇನು ಆಕಾಶದಿಂದ ಬರ್ತೈತೇನು?” ಎಂದು ನಕ್ಕ.

ಅಣೆಕಟ್ಟಿನ ಗೇಟು ಮುಚ್ಚಿದ್ದು ನಿಜ. ಆದರೆ ಸೈರನ್ ಕೂಗಿದ್ದು ಕರೆಂಟಿನ ಯಂತ್ರ ಶುರುವಾಗುತ್ತದೆ ಎಂದು; ಅದನ್ನು ತಿರುಗಿಸಿದ ನೀರು ಪವರ್‌ಹೌಸಿನ ಅಡಿಯಿಂದ ನುಗ್ಗುತ್ತದೆ. ದಡದಲ್ಲಿದ್ದ ಅಣೆಕಟ್ಟಿನ ಕಾವಲುಗಾರ ಅದನ್ನೇ ತೆಲುಗಿನಲ್ಲಿ ಗಂಟಲು ಹರಿಯುವಂತೆ ಅರಚುತ್ತಿದ್ದ. ಅಪ್ಪನಿಗೆ ತೆಲುಗು ಚೆನ್ನಾಗಿ ಬರುತ್ತಿತ್ತು, ಇನ್ನೊಬ್ಬರ ಮಾತು ಕೇಳುವುದು ಮಾತ್ರ ಬರುತ್ತಿರಲಿಲ್ಲ.

“ಏನ್ರಿ, ಮ್ಯಾಲೆ ಬರ್ರಿ!” ಎಂದು ಕೂಗುತ್ತ ಅವ್ವ ನೀರಿಗಿಳಿದಳು. ಅವಳ ಹಿಂದೆ ನಾನು. ಅವ್ವ ಅವನ ಕಾಲರ್ ಹಿಡಿದು ಎಳೆದಳು. ಅಪ್ಪ ಅಲ್ಲೇ ಅವಳ ಕಪಾಳಕ್ಕೆ ಬಿಗಿದ. ಅವ್ವ ಕೈಗೆ ಸಿಕ್ಕ ಕಲ್ಲೆತ್ತಿ ಅವನ ಹೆಗಲಿಗೆ ಗುದ್ದಿದಳು. ಅವನು ಮುಗ್ಗರಿಸಿದ್ದೇ ತಡ, ಇಬ್ಬರೂ ರಟ್ಟೆ ಹಿಡಿದು ದರದರ ಎಳೆದುಕೊಂಡು ಬಂದೆವು. ದಡ ಮುಟ್ಟಿ ತಿರುಗಿ ನೋಡಿದರೆ ಬಂಡೆ ಕಾಣಲಿಲ್ಲ. ಅದರ ಮೇಲೆ ಆಳೆತ್ತರದ ನೀರು ನೊರೆಯೆಬ್ಬಿಸಿಕೊಂಡು ಹೋಗುತ್ತಿತ್ತು.

ಅಪ್ಪ ನೀರು ನೋಡಿದ. ಆಮೇಲೆ ಸುತ್ತ ನಿಂತಿದ್ದವರನ್ನು ನೋಡಿದ.

“ಮಂದಿ ಮುಂದ ಗಂಡನ ಮ್ಯಾಲೆ ಕೈ ಮಾಡ್ತಿ?” ಎಂದು ಅವ್ವನ ತುರುಬು ಹಿಡಿದು ಬಡಿಯತೊಡಗಿದ. ತುಟಿ ಒಡೆದು ರಕ್ತ ಬಂತು. ನಾನು ಅಡ್ಡ ಹೋದರೆ ನನ್ನನ್ನೂ ನೂಕಿದ. ಯಾರೂ ಮಿಸುಕಲಿಲ್ಲ. “ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ” ಎಂದು ಯಾರೋ ಹಿಂದಿನಿಂದ ಹೇಳಿದರು. ಇವನನ್ನು ಯಾಕಾದರೂ ಎಳೆದು ತಂದೆವೋ ಅನ್ನಿಸಿತು ನನಗೆ. ಹಾಗನ್ನಿಸಿದ್ದಕ್ಕೆ ಇವತ್ತಿಗೂ ನಾಚಿಕೆಯಿಲ್ಲ.

ಅಷ್ಟರಲ್ಲಿ ಅವ್ವ ತಲೆಯೆತ್ತಿ ಅವನ ಕೆನ್ನೆಗೆ ಒಂದೇ ಒಂದು ಏಟು ಕೊಟ್ಟಳು. ಅಪ್ಪ ನಿಂತಲ್ಲೇ ಕುಸಿದು ಕೂತುಬಿಟ್ಟ.

“ಅಯ್ಯಯ್ಯೋ, ಬಿಡ್ರಿ ಅಕ್ಕಾರ, ಬಿಡ್ರಿ!” ಎಂದು ಬಸ್ಸಿನವರೆಲ್ಲ ಓಡಿ ಬಂದು ಅವ್ವನ ಎರಡೂ ಕೈ ಹಿಡಿದುಕೊಂಡರು.