ಬಿದ್ದವರೆಲ್ಲ ಏಳುವ ಸಿನಿಮಾಗಳು

ಏಳನೆಯ ತರಗತಿಗೆ ಶಾಲೆ ಬಿಟ್ಟವಳು ನಾನು. ಸಿನಿಮಾದ ಬಗ್ಗೆ ಬರೆಯುವಷ್ಟು ತಿಳಿವಳಿಕೆ ನನಗಿಲ್ಲ. ಆದರೆ ಹಳೆಯ ಕುಂಗ್ ಫೂ ಹಾಸ್ಯ ಸಿನಿಮಾಗಳ ಮಾತು ಬಂದರೆ ನಾನೂ ನನ್ನ ತಮ್ಮನೂ ಯಾರಿಗೂ ಸೋಲುವವರಲ್ಲ. ಬೆಂಗೇರಿಯ ನಮ್ಮ ಮನೆಯಲ್ಲಿ ಅವುಗಳ ಸಿಡಿಗಳು ಗೀರು ಬಿದ್ದು ನಿಲ್ಲುವ ತನಕ ತಿರುಗಿವೆ. ಹಿಂದಿಗೆ ಡಬ್ ಆದ ಮಾತು ಅರ್ಧ ತಿಳಿಯುತ್ತಿತ್ತು, ಉಳಿದರ್ಧ ನಾವೇ ಹೇಳಿಕೊಳ್ಳುತ್ತಿದ್ದೆವು.

ಅಲ್ಲಿ ನಾಯಕ ದಡ್ಡ, ಸೋಮಾರಿ, ಎಲ್ಲರಿಂದ ಹೊಡೆತ ತಿನ್ನುವವನು. ಅವನ ಕೈಗೆ ಕತ್ತಿ ಸಿಗುವುದಿಲ್ಲ. ಸ್ಟೂಲು, ಛತ್ರಿ, ಏಣಿ, ಊಟದ ಕಡ್ಡಿ, ಸಿಕ್ಕಿದ್ದರಲ್ಲೇ ಹೋರಾಡಿ ಗೆಲ್ಲುತ್ತಾನೆ. ನಮ್ಮ ಮನೆಯಲ್ಲೂ ಇದ್ದದ್ದು ಅಷ್ಟೇ ಸಾಮಾನು. ಅದಕ್ಕೇ ಅವನು ನಮ್ಮವನು ಅನಿಸುತ್ತಿತ್ತು. ಕುಡುಕ ಗುರು ಅವನನ್ನು ತಲೆಕೆಳಗಾಗಿ ತೂಗುಹಾಕಿ ಕಲಿಸುವಾಗ ಹೊಟ್ಟೆ ಹಿಡಿದು ನಗುತ್ತಿದ್ದೆವು.

ಕೊರತೆಗಳು ಆಗಲೂ ಕಾಣುತ್ತಿದ್ದವು. ಕತೆ ಕಡ್ಡಿಪೆಟ್ಟಿಗೆಯಲ್ಲಿ ಹಿಡಿಸುವಷ್ಟು. ಏಟು ತಾಗುವ ಮೊದಲೇ ಸದ್ದು, ಒಗೆಯುವ ಕಲ್ಲಿಗೆ ಬಟ್ಟೆ ಬಡಿದ ಹಾಗೆ. ಹೆಂಗಸರು ಬಂದರೆ ಬೈಯಲು ಇಲ್ಲವೇ ಅಳಲು. ಆದರೆ ದೊಡ್ಡ ಕೊರತೆ ನನಗೆ ಕಾಣಲಿಲ್ಲ. ಅಲ್ಲಿ ಬಿದ್ದವನಿಗೆ ಏನೂ ಆಗುವುದಿಲ್ಲ. ಮಹಡಿಯಿಂದ ಬಿದ್ದವನು ಮುಖ ಸೊಟ್ಟ ಮಾಡಿ, ಸೊಂಟ ತಿಕ್ಕಿಕೊಂಡು ಏಳುತ್ತಾನೆ. ಕೊನೆಯ ಏಟಿಗೆ ಚಿತ್ರ ಗಕ್ಕನೆ ನಿಂತುಬಿಡುತ್ತದೆ. ಮರುದಿನ ಯಾರಿಗೆ ಎಲ್ಲಿ ನೋಯಿತು ಎಂದು ತೋರಿಸುವುದಿಲ್ಲ.

ಆ ಸಿನಿಮಾಗಳಿಂದ ನಾವೊಂದು ಆಟ ಕಟ್ಟಿಕೊಂಡಿದ್ದೆವು. ಮನೆಯಲ್ಲಿ ಯಾರು ಬಿದ್ದರೂ ಇನ್ನೊಬ್ಬರು ಹತ್ತರವರೆಗೆ ಎಣಿಸಬೇಕು. ಅಷ್ಟರಲ್ಲಿ ಏಳದಿದ್ದರೆ ಸೋತವರ ಎರಡೂ ಕೈ ಹಿಡಿದು ಗೋಡೆಯವರೆಗೆ ಎಳೆಯಬೇಕು. ಸೋತವರು ಖಳನಾಯಕನ ಹಾಗೆ ಬೇಡಿಕೊಳ್ಳಬೇಕು. ನನ್ನ ಮದುವೆ ಮುರಿದು ತವರಿಗೆ ಬಂದ ಮೇಲೂ, ತಮ್ಮನ ಮೀಸೆಯಲ್ಲಿ ಬಿಳಿ ಕೂದಲು ಕಂಡ ಮೇಲೂ ಈ ಆಟ ಬಿಡಲಿಲ್ಲ.

ಹೋದ ವರ್ಷ ಅವನು ಅಂಗಳದ ಗೋಡೆಗೆ ಸುಣ್ಣ ಹಚ್ಚುತ್ತ ಏಣಿಯಿಂದ ಬಿದ್ದ. ನಾನು ಹೊಲಿಗೆ ಮಷಿನ್ ಬಿಟ್ಟು ಹೊರಗೆ ಓಡಿದೆ. ಮೈತುಂಬ ಸುಣ್ಣ, ಬಾಯಿ ಸೊಟ್ಟ. ನನಗೆ ನಗೆ ಬಂತು. ಎಣಿಸತೊಡಗಿದೆ.

"ಅಕ್ಕಾ, ಏಳಾಕ ಬರವಲ್ದು."

"ಎಂಟು, ಒಂಬತ್ತು... ಹತ್ತು! ಸೋತೀ ಮಗನ!"

ಕೈ ಹಿಡಿದು ಎಳೆದೆ.

"ಎಳೀಬ್ಯಾಡ ಅಕ್ಕಾ, ನಿನ್ನ ಕಾಲ ಬೀಳ್ತೇನಿ, ಎಳೀಬ್ಯಾಡ!"

ಎಷ್ಟು ಚೆನ್ನಾಗಿ ಬೇಡುತ್ತಾನೆ ಅಂದುಕೊಂಡೆ. ಗೋಡೆಯವರೆಗೂ ಎಳೆದೆ. ಅಲ್ಲಿ ಅವನ ಕಣ್ಣು ನೋಡಿದಾಗ ನನ್ನ ನಗೆ ನಿಂತಿತು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು, "ಬಿದ್ದ ಮ್ಯಾಲೆ ಯಾರರ ಎತ್ತಿದ್ರೇನ್ರಿ? ಎಳದಾಡಿದ್ರೇನು? ಖರೇ ಹೇಳ್ರಿ."

"ಇಲ್ರಿ ಸಾಹೇಬ್ರ. ಯಾರೂ ಮುಟ್ಟಿಲ್ಲ," ಎಂದೆ.

ಬೆನ್ನುಹುರಿಗೆ ಪೆಟ್ಟು. ಕಾಲಿಗೆ ಜೀವ ಬರಬಹುದು, ಬರದೆಯೂ ಇರಬಹುದು ಎಂದರು. ಬಿದ್ದಾಗಲೇ ಆದದ್ದೋ, ನಾನು ಎಳೆದಾಗ ಆದದ್ದೋ? ಅದನ್ನು ಕೇಳಬೇಕಾದರೆ ಮೊದಲು ನನ್ನ ಸುಳ್ಳನ್ನು ಒಪ್ಪಬೇಕು. ಪ್ರತಿ ಸಲ ತೋರಿಸಲು ಹೋದಾಗ ನಾಲಗೆಯ ತುದಿಗೆ ಬರುತ್ತದೆ. ಚೀಟಿ ತೆಗೆದುಕೊಂಡು ಹೊರಬರುತ್ತೇನೆ.

ನೋಡಲು ಬಂದವರಿಗೆ ತಮ್ಮನೇ ಹೇಳುತ್ತಾನೆ, "ನಮ್ಮಕ್ಕ ಶಾಣ್ಯಾಕಿ ರೀ. ನನ್ನ ಮುಟ್ಟಲಿಲ್ಲ, ಓಡಿಹೋಗಿ ಮಂದೀನ್ನ ಕರದ್ಲು." ಬಂದವರು ನನ್ನನ್ನು ಹೊಗಳುತ್ತಾರೆ. ನಾನು ಚಹಾದ ನೆಪ ಮಾಡಿ ಒಳಗೆ ಹೋಗುತ್ತೇನೆ.

ಮೊನ್ನೆ ಗೋಪನಕೊಪ್ಪದ ಚಿಕ್ಕಮ್ಮ ಬಂದು ಹೋದ ಮೇಲೆ ಕೇಳಿಯೇಬಿಟ್ಟೆ. "ಯಾಕ ಹಂಗ ಹೇಳ್ತಿ? ನಾ ಎಳದಿದ್ದು ನಿನಗ ನೆನಪಿಲ್ಲೇನು?"

ಅವನು ಮೇಲಿನ ತಗಡು ನೋಡುತ್ತ ಮಲಗಿದ್ದ. "ಹೊತ್ತಾತು. ಮಗ್ಗಲಾ ಹೊರಳಿಸು," ಎಂದ.

ಮಲಗಿದಲ್ಲೇ ಹುಣ್ಣಾಗಬಾರದೆಂದು ಎರಡು ತಾಸಿಗೊಮ್ಮೆ ಅವನನ್ನು ಹೊರಳಿಸಬೇಕು. ಮೊದಲು ಹೆಗಲು, ಆಮೇಲೆ ಸೊಂಟ. ಕಾಲುಗಳನ್ನು ಒಂದರ ಮೇಲೊಂದು ಇಟ್ಟು ನಡುವೆ ದಿಂಬು ತುರುಕಿದೆ.

"ಕಾಲ ಇಟ್ಟಿಯೇನು?" ಎಂದು ಕೇಳಿದ.

"ಇಟ್ಟೆ," ಎಂದೆ.