ಹೆಣದ ಮುಂದೆ ಹಾಡಿದ ಕ್ಯಾಸೆಟ್

ಮಸ್ಕಿಯ ಆ ಸಾವಿನ ಮನೆಯೊಳಗಿಂದ ಬಸಣ್ಣಜ್ಜನ ತತ್ವಪದ ಕೇಳುತ್ತಿತ್ತು. ಬಸಣ್ಣಜ್ಜ ಮಾತ್ರ ಹೊರಗಿನ ಕಟ್ಟೆಯ ಮೇಲೆ ತಾಳಗಳನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತಿದ್ದ. ಒಳಗೆ, ಹೆಣದ ಮುಂದೆ, ಟೇಪ್‌ರೆಕಾರ್ಡರ್ ಇಟ್ಟಿದ್ದರು. ಅದರಲ್ಲಿದ್ದದ್ದು ನಾನು ಮಾಡಿದ ಕ್ಯಾಸೆಟ್.

ತೊಂಬತ್ತರ ದಶಕದ ಮಾತು. ಯಾವ ಕಂಪನಿಯೂ ಮುಟ್ಟದ ನಮ್ಮ ಭಜನಾ ಮೇಳಗಳ ಹಾಡು ಸಾಯಬಾರದೆಂದು, ಅವನ್ನು ಕ್ಯಾಸೆಟ್ಟಿಗೆ ತುಂಬಿ ಸಿಂಧನೂರಿನಿಂದ ಅಂಚೆಯಲ್ಲಿ ಊರೂರಿಗೆ ಕಳಿಸುವ ಕೆಲಸವನ್ನು ಎರಡು ವರ್ಷದ ಹಿಂದೆ ಶುರುಮಾಡಿದ್ದೆ. ನಮ್ಮ ಕಡೆ ಹೆಣ ಎತ್ತುವವರೆಗೂ ಅದರ ಮುಂದೆ ಮೇಳ ಹಾಡಬೇಕು. ಅದು ಬಸಣ್ಣಜ್ಜ ಹುಡುಗನಾಗಿದ್ದಾಗಿನಿಂದ ಮಾಡಿಕೊಂಡು ಬಂದ ಕೆಲಸ.

"ಯಾಕ ಯಜ್ಜಾ, ಒಳಗ ಹಾಡಾಕ ಕುಂತಿಲ್ಲಲ್ರಿ?" ಎಂದೆ.

"ಕರದಿಲ್ಲೋ ತಮ್ಮಾ. ಕ್ಯಾಸೆಟ್ ಆದ್ರ ಚಾ ಕೇಳಂಗಿಲ್ಲ, ಬೀಡಿ ಕೇಳಂಗಿಲ್ಲ. ಲಿಂಗಸುಗೂರ ಕಡೀಗೂ ಈಗ ಹಿಂಗ ನಡದೈತಿ. ನಮ್ಮ ಮ್ಯಾಳದವ್ರು ರೈಸ್‌ಮಿಲ್ಲಿಗೆ ಹಮಾಲಿ ಮಾಡಾಕ ಹೋಗ್ಯಾರ."

ಒಳಗೆ ಹಾಡು ನಿಂತಿತು. ಯಾರೋ ಕ್ಯಾಸೆಟ್ ತಿರುವಿ ಹಾಕಿದರು. ಬಸಣ್ಣಜ್ಜ ತನ್ನದೇ ದನಿಯನ್ನು ಸ್ವಲ್ಪ ಹೊತ್ತು ಕೇಳಿ, ನನ್ನ ಕಡೆ ತಿರುಗಿ, ಗಿರಾಕಿಯೊಬ್ಬ ಅಂಗಡಿಯವನಿಗೆ ಸಾಮಾನು ಹೇಳುವಂತೆ ಹೇಳಿದ: "ನಾ ಸತ್ತಾಗ ನಮ್ಮ ಮನಿಗೂ ಒಂದು ಕಳಸು. ಹಾಡಾವ್ರು ಯಾರೂ ಉಳದಿಲ್ಲ."

ನಾನು ಆ ದಂಧೆಯನ್ನೇ ಬಿಟ್ಟೆ. ಅದರಿಂದ ಮೇಳವೇನೂ ತಿರುಗಿ ಬರಲಿಲ್ಲ. ಬಸಣ್ಣಜ್ಜ ತೀರಿಕೊಂಡ ದಿನ ಮನೆಯಲ್ಲಿ ಉಳಿದಿದ್ದ ಒಂದು ಕ್ಯಾಸೆಟ್ ಹಿಡಿದು ಮಸ್ಕಿಯ ಬಸ್ಸು ಹತ್ತಿದೆ. ಅಜ್ಜ ತನ್ನ ಹೆಣದ ಮುಂದೆ ತಾನೇ ಹಾಡಿದ.