ಸ್ವಾಮಣ್ಣನ ಬೈಕಿಗೆ ನಾನು ಹಾಕಿದ ಪೆಟ್ರೋಲು

ಸ್ವಾಮಣ್ಣ, ಎರಡು ವರ್ಷದ ಹಿಂದೆ ಪ್ರೀಮಿಯಂ ಅಂತ ನಿಮ್ಮ ಬೈಕಿಗೆ ನಾನು ಹಾಕಿದ್ದು ಸಾದಾ ಪೆಟ್ರೋಲು. ಗೊತ್ತಿಲ್ಲದೆ ಅಲ್ಲ — ಗೊತ್ತಿದ್ದೇ ಹಾಕಿದೆ.

ಹುಣಸೂರಿನ ನಮ್ಮ ಬಂಕಿಗೆ ಅವತ್ತು ಟ್ಯಾಂಕರ್ ಬಂದಿತ್ತು. ಒಂದು ಖಾನೆಯಲ್ಲಿ ಡೀಸೆಲ್ಲು, ಇನ್ನೊಂದರಲ್ಲಿ ಸಾದಾ ಪೆಟ್ರೋಲು. ನೆಲದೊಳಗಿನ ಯಾವ ಟ್ಯಾಂಕಿಗೆ ಯಾವುದು ಅಂತ ತೋರಿಸಬೇಕಾದವಳು ನಾನು. ಡ್ರೈವರ್ ಜೊತೆ ಮಾತಾಡ್ತಾ ಮಾತಾಡ್ತಾ, ಸಾದಾ ಪೆಟ್ರೋಲಿಗೆ ತಳ ಕಂಡಿದ್ದ ಪ್ರೀಮಿಯಂ ಟ್ಯಾಂಕಿನ ಮುಚ್ಚಳ ತೋರಿಸಿಬಿಟ್ಟೆ. ಎಲ್ಲ ಇಳಿದ ಮೇಲೆ ತಪ್ಪು ಗೊತ್ತಾಯಿತು. ಮಾಲೀಕರಿಗೆ ಹೇಳಿದರೆ ನನ್ನ ಕೆಲಸ… ಬಾಯಿ ಬಿಡಲಿಲ್ಲ.

ಎರಡೂ ಒಂದೇ ಕಚ್ಚಾ ಎಣ್ಣೆಯಿಂದ ಬಂದದ್ದು ತಾನೇ, ಯಾರಿಗೇನು ತಿಳಿಯುತ್ತೆ ಅಂದುಕೊಂಡೆ. ಆದರೆ ಪ್ರೀಮಿಯಂ ಅನ್ನೋದು ಎಂಜಿನ್ನಿನ ಒತ್ತಡಕ್ಕೆ ಅವಸರಪಟ್ಟು ಹೊತ್ತಿಕೊಳ್ಳದ ಹಾಗೆ ಹದ ಮಾಡಿದ್ದು, ಅದಕ್ಕೇ ರೇಟು ಜಾಸ್ತಿ. ಹೊಗೆಸೊಪ್ಪಿನ ದುಡ್ಡಲ್ಲಿ, ಐವತ್ತು ದಾಟಿದ ಮೇಲೆ ಆಸೆಪಟ್ಟು ನೀವು ತಗೊಂಡ ಆ ದೊಡ್ಡ ಬೈಕಿಗೆ ಅದೇ ಬೇಕು — ಇದನ್ನೆಲ್ಲ ನಿಮಗೆ ಹೇಳಿಕೊಟ್ಟವಳೂ ನಾನೇ.

ಪಿರಿಯಾಪಟ್ಟಣದ ದಾರಿಯ ಏರಿನಲ್ಲಿ ಎಂಜಿನ್ನು ಟಕಟಕ ಅನ್ನತೊಡಗಿತು. ನಿಮ್ಮ ಹಳೇ ಗೆಳೆಯ, ಮೆಕ್ಯಾನಿಕ್ ರಾಚಯ್ಯ ಕಿವಿಗೊಟ್ಟು ಕೇಳಿ, ಪೆಟ್ರೋಲೇ ಸರಿಯಿಲ್ಲ ಅಂದರು. ನೀವು ಅವರ ಮೇಲೆ ಹರಿಹಾಯ್ದು, ಮಾರನೆ ದಿನ ಬಂದು ನನಗೇ ಹೇಳಿದಿರಿ — "ಕೆಲ್ಸ ಬರ್ದೆ ಪೆಟ್ರೋಲ್ ಮ್ಯಾಲೆ ಹಾಕ್ತಾನೆ ಕಣವ್ವ. ನಮ್ ಮಂಜವ್ವ ಅಂಗೆಲ್ಲ ಮೋಸ ಮಾಡೋಳಲ್ಲ ಅಂದೆ. ಇನ್ ಅವನ ಅಂಗ್ಡಿ ಮೆಟ್ಲು ಅತ್ತಾಕಿಲ್ಲ ಬುಡು."

ನಾನು ತಲೆಯಾಡಿಸಿ, ಅದೇ ಪೆಟ್ರೋಲನ್ನೇ ಮತ್ತೆ ಫುಲ್ ಮಾಡಿ ಕಳಿಸಿದೆ. ಥೂ, ನನ್ನ ಜನ್ಮಕ್ಕಿಷ್ಟು.

ಮುಂದಿನ ಲೋಡು ಸರಿಯಾಗಿ ಬಂತು, ಸದ್ದು ತಾನಾಗಿ ನಿಂತಿತು. ನೀವು ಅದನ್ನು ಆಮೇಲೆ ಹಿಡಿದ ಹೊಸ ಮೆಕ್ಯಾನಿಕ್ಕನ ಕೈಗುಣ ಅಂದುಕೊಂಡಿರಿ.

ಮೊನ್ನೆ ಎದುರಿನ ಟೀ ಅಂಗಡಿಯಲ್ಲಿ ನೀವಿಬ್ಬರೂ ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂತಿದ್ದು ಕಂಡೆ. ಇದಕ್ಕೆ ಕಾರಣ ನಾನೇ. ಮಾಲೀಕರಿಗೆ ಎಲ್ಲ ಹೇಳಿದೆ. ಬೈದರು, ಟ್ಯಾಂಕರ್ ಇಳಿಸೋ ಕೆಲಸದಿಂದ ತೆಗೆದರು. ಆಮೇಲೆ ರಾಚಯ್ಯನವರ ಹತ್ತಿರ ಹೋದೆ. ಕೈಯಲ್ಲಿದ್ದ ಸ್ಪ್ಯಾನರು ಒರೆಸಿ ಪಕ್ಕಕ್ಕಿಟ್ಟರು.

"ಅವ್ನಿಗೂ ಯೋಳವ್ವ," ಅಂದರು. "ಅಂಗೇ ಗಾಡಿ ತರಾಕೂ ಯೋಳು. ಚೈನ್ ಸಡ್ಲ ಆಗೈತೆ. ಈ ರೋಡಲ್ಲಿ ಓಗೋವಾಗ ಕೇಳ್ತದೆ."

ಎರಡು ವರ್ಷದಿಂದ ನಿಮ್ಮ ಬೈಕಿನ ಸದ್ದಿಗೆ ಕಿವಿಗೊಟ್ಟೇ ಕೂತಿದ್ದಾರೆ, ಸ್ವಾಮಣ್ಣ. ನನ್ನನ್ನು ಎಷ್ಟು ಬೇಕಾದರೂ ಬೈಯಿರಿ. ಬೈದು, ಇಲ್ಲಿಂದ ನೇರ ಅವರ ಅಂಗಡಿಗೆ ಹೋಗಿ.